ಒಂದು ಬೆಟ್ಟ, ಎರಡು ಮಳೆ: ಶ್ರೀಲಂಕಾದಲ್ಲಿ ನೀರಿನ ಜಾಡು ಹಿಡಿದು

(ನಮ್ಮೂರಿನ ಗ್ರಂಥಾಲಯದ ಭಾನುವಾರದ ಕೂಟದಲ್ಲಿ ಆಡಿದ ಮಾತುಗಳಿವು. ಬರೆದು ಕೊಡಿ ಎಂದು ಕೆಲವರು ಕೇಳಿದರು. ಮಾತಿನ ಧಾಟಿ ಹಾಗೇ ಉಳಿಸಿಕೊಂಡು ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ರೈಲಿನಿಂದ ಶುರು ಮಾಡುತ್ತೇನೆ. ಕೊಲಂಬೊದಿಂದ ಬೆಟ್ಟ ಹತ್ತಿಕೊಂಡು ಬದುಲ್ಲ ಎಂಬ ಊರಿಗೆ ಹೋಗುವ ರೈಲು. ಜುಲೈ ತಿಂಗಳು. ಬೆಳಿಗ್ಗೆಯಿಂದ ಮಳೆ. ಕಿಟಕಿ ಗಾಜು ಒರೆಸಿ ಒರೆಸಿ ನನ್ನ ಕರ್ಚೀಫು ಒದ್ದೆಯಾಗಿತ್ತು. ಹೊರಗೆ ಟೀ ತೋಟ, ಮೋಡ, ಮತ್ತೆ ಟೀ ತೋಟ. ಪಟ್ಟಿಪೊಲ ಎಂಬ ಸ್ಟೇಷನ್ ಬಂತು. ಸಮುದ್ರ ಮಟ್ಟದಿಂದ ಸುಮಾರು 1,900 ಮೀಟರ್ ಎತ್ತರ. ಆ ದೇಶದಲ್ಲಿ ಅದಕ್ಕಿಂತ ಎತ್ತರದ ರೈಲು ನಿಲ್ದಾಣ ಇಲ್ಲ. ಅಲ್ಲಿಂದ ಹೊರಟ ಸ್ವಲ್ಪ ಹೊತ್ತಿಗೆ ಒಂದು ಸುರಂಗ. ಎದುರು ಕೂತಿದ್ದ ಅಜ್ಜ ನನ್ನ ಮೊಣಕೈ ತಟ್ಟಿ ಕಿಟಕಿ ಕಡೆ ಬೆರಳು ಮಾಡಿದರು. ಕತ್ತಲೆ. ಆಮೇಲೆ ಬೆಳಕು. ಈಚೆ ಬಂದರೆ ಬಿಸಿಲು! ಹಳಿ ಪಕ್ಕದ ಮಣ್ಣು ಒಣಗಿದೆ, ಗುಡ್ಡದ ಹುಲ್ಲು ಕಂದು ಬಣ್ಣಕ್ಕೆ ತಿರುಗಿದೆ, ಗಾಳಿ ಜೋರಾಗಿ ಬೀಸುತ್ತಿದೆ. ಅದೇ ದಿನ, ಅದೇ ಗಂಟೆ. ಆಚೆ ಬಾಯಲ್ಲಿ ಮಳೆಗಾಲ, ಈಚೆ ಬಾಯಲ್ಲಿ ಬೇಸಿಗೆ.

ಅಜ್ಜನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ನನಗೆ ಸಿಂಹಳ ಬರುವುದಿಲ್ಲ. ಹಿಂದಕ್ಕೆ ಕೈ ತೋರಿಸಿ ಮಳೆ ಸುರಿಯುವ ಹಾಗೆ ಬೆರಳು ಆಡಿಸಿದರು. ಮುಂದಕ್ಕೆ ತೋರಿಸಿ ಅಂಗೈ ಬಿಚ್ಚಿದರು. ಆ ದೇಶದ ಭೂಗೋಳವನ್ನು ನನಗೆ ಪಾಠ ಮಾಡಿದವರು ಅವರೇ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವನು ನಾನು. ಮಾರುತ, ಮಳೆ ನೆರಳು ಅಂತ ಬೋರ್ಡ್ ಮೇಲೆ ಎಷ್ಟು ಸಲ ಬರೆದಿದ್ದೇನೋ. ಆದರೆ ಅದನ್ನು ಒಂದು ನಿಮಿಷದೊಳಗೆ ಕಣ್ಣಾರೆ ಕಂಡಿದ್ದು ಆ ದಿನವೇ.

ವಿಷಯ ಇಷ್ಟು. ಶ್ರೀಲಂಕಾ ದೊಡ್ಡ ದೇಶವಲ್ಲ. ವಿಸ್ತೀರ್ಣ 65,610 ಚದರ ಕಿಲೋಮೀಟರ್. ನಮ್ಮ ಕರ್ನಾಟಕದ ಮೂರನೇ ಒಂದು ಭಾಗ ಅಂದುಕೊಳ್ಳಿ. ಉತ್ತರದ ತುದಿಯಿಂದ ದಕ್ಷಿಣದ ತುದಿಗೆ ಸುಮಾರು 430 ಕಿಲೋಮೀಟರ್. ಮಧ್ಯಕ್ಕಿಂತ ಸ್ವಲ್ಪ ಕೆಳಗೆ ಬೆಟ್ಟಗಳ ಒಂದು ಗುಂಪು ಎದ್ದು ನಿಂತಿದೆ. ಮೇ ತಿಂಗಳಿಂದ ಸೆಪ್ಟೆಂಬರ್ ತನಕ ನೈಋತ್ಯದ ಗಾಳಿ ಬಂದು ಬೆಟ್ಟದ ಪಶ್ಚಿಮದ ಮಗ್ಗುಲಿಗೆ ಮಳೆ ಸುರಿಸುತ್ತದೆ. ಡಿಸೆಂಬರಿಂದ ಫೆಬ್ರವರಿ ತನಕ ಈಶಾನ್ಯದ ಗಾಳಿ ಬಂದು ಉತ್ತರ, ಪೂರ್ವದ ಕಡೆ ಸುರಿಸುತ್ತದೆ. ನಮ್ಮಲ್ಲಿ ಆಗುಂಬೆಗೂ ಚಿತ್ರದುರ್ಗಕ್ಕೂ ಇರುವ ವ್ಯತ್ಯಾಸ ಗೊತ್ತಲ್ವಾ? ಅಂಥದ್ದೇ ವ್ಯತ್ಯಾಸ ಅಲ್ಲಿದೆ. ಆದರೆ ಅಲ್ಲಿ ಎರಡೂ ಮಗ್ಗುಲಿಗೆ ಒಂದೊಂದು ಸರದಿ ಇದೆ. ರೈತರು ತಮ್ಮ ಎರಡು ಬೆಳೆಗಳಿಗೆ ಯಲ, ಮಹ ಅಂತ ಹೆಸರಿಟ್ಟುಕೊಂಡಿದ್ದಾರೆ. ಪಶ್ಚಿಮದ ಮಗ್ಗುಲಿನ ರತ್ನಪುರದಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ. ವಾಯವ್ಯ ಕರಾವಳಿಯ ಮನ್ನಾರಿನಲ್ಲಿ ಸಾವಿರದ ಆಸುಪಾಸು.

ನಾನು ಮೊದಲ ಸಲ ಹೋದಾಗ ಇದ್ಯಾವುದೂ ತಲೆಗೆ ಹತ್ತಲಿಲ್ಲ. ಒಂದು ಟೂರ್ ಕಂಪನಿಯವರ ಜೊತೆ ಹೋಗಿದ್ದೆ. ಐದು ದಿನ, ಏಳು ಊರು. ಬಸ್ಸಿಂದ ಇಳಿ, ಫೋಟೋ ತೆಗೆ, ಬಸ್ ಹತ್ತು. ಮನೆಗೆ ಬಂದು ಫೋಟೋ ನೋಡಿದರೆ ಯಾವುದು ಎಲ್ಲಿಯದು ಅಂತಲೇ ತಿಳಿಯದು. ಎರಡನೇ ಸಲ, ಮೂರನೇ ಸಲ ನಾನು ಮತ್ತು ನನ್ನ ಹೆಂಡತಿ ಇಬ್ಬರೇ ಹೋದೆವು. ರೈಲು, ಬಸ್ಸು, ಆಟೋ. ಆಗ ಒಂದೇ ಪ್ರಶ್ನೆ ಇಟ್ಟುಕೊಂಡೆವು. ಯಾವ ಊರಿಗೆ ಹೋದರೂ 'ಇಲ್ಲಿಗೆ ನೀರು ಎಲ್ಲಿಂದ ಬರುತ್ತದೆ?' ಅಂತ ಕೇಳುವುದು. ಇವತ್ತು ನಿಮಗೆ ಹೇಳಬೇಕು ಅಂದುಕೊಂಡಿರುವುದು ಈ ಒಂದು ವಿಷಯವೇ. ಈ ಪ್ರಶ್ನೆ ಹಿಡಿದ ಮೇಲೆ ಬಿಡಿ ಬಿಡಿಯಾಗಿದ್ದ ಊರುಗಳು ನನ್ನೊಳಗೆ ಒಂದು ದೇಶವಾಗಿ ಸೇರಿಕೊಂಡವು.

ಕೊಲಂಬೊ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆಂಗಳೂರಿಂದ ವಿಮಾನದಲ್ಲಿ ಒಂದೂವರೆ ಗಂಟೆ. ಬಂದರು ಇದೆ, ಎತ್ತರದ ಕಟ್ಟಡಗಳಿವೆ, 350 ಮೀಟರಿನ ತಾವರೆ ಗೋಪುರ ಇದೆ. ಪೆಟ್ಟಾ ಎಂಬ ಹಳೇ ಪೇಟೆಯಲ್ಲಿ ಕೆಂಪು ಬಿಳಿ ಪಟ್ಟಿಯ ಒಂದು ಮಸೀದಿ ಇದೆ, 1909ರದ್ದು. ನಮ್ಮ ಚಿಕ್ಕಪೇಟೆಯ ಹಾಗೆ ಒಂದೊಂದು ಬೀದಿಗೆ ಒಂದೊಂದು ವ್ಯಾಪಾರ. ಸಂಜೆಗೆ ಗಾಲ್ ಫೇಸ್ ಎಂಬ ಸಮುದ್ರದ ಬಯಲಿಗೆ ಊರಿಗೆ ಊರೇ ಬಂದು ಕೂರುತ್ತದೆ. ಸಿಗಡಿ ಇಟ್ಟ ಬೇಳೆ ವಡೆ ಮಾರುತ್ತಾರೆ, ಮಕ್ಕಳು ಗಾಳಿಪಟ ಬಿಡುತ್ತಾರೆ. 2022ರಲ್ಲಿ ಪೆಟ್ರೋಲು, ಗ್ಯಾಸು, ಔಷಧಿ ಸಿಗದೆ ಜನ ತಿಂಗಳುಗಟ್ಟಲೆ ಧರಣಿ ಕೂತಿದ್ದು ಅದೇ ಬಯಲಿನಲ್ಲಿ. ಕೊನೆಗೆ ರಾಷ್ಟ್ರಪತಿಯೇ ದೇಶ ಬಿಟ್ಟು ಹೋಗಬೇಕಾಯಿತು.

ಆದರೆ ನನ್ನ ಪ್ರಶ್ನೆಗೆ ಕೊಲಂಬೊದಲ್ಲಿ ಉತ್ತರ ಸಿಕ್ಕಿದ್ದು ಊರಿನ ಅಂಚಿನಲ್ಲಿ. ಕಾಗದದ ಮೇಲೆ ದೇಶದ ರಾಜಧಾನಿ ಶ್ರೀ ಜಯವರ್ಧನಪುರ ಕೋಟ್ಟೆ. ಕೊಲಂಬೊಗೆ ಅಂಟಿಕೊಂಡೇ ಇದೆ. ಅಲ್ಲಿ ಜಿಯೋಫ್ರಿ ಬಾವಾ ಎಂಬ ದೊಡ್ಡ ವಾಸ್ತುಶಿಲ್ಪಿ ಕಟ್ಟಿದ ಸಂಸತ್ ಭವನ ಇದೆ. 1982ರದ್ದು. ಜೌಗು ನೆಲ ಅಗೆದು ಕೆರೆ ಮಾಡಿ, ಅದರ ನಡುವೆ ನಿಲ್ಲಿಸಿದ ಕಟ್ಟಡ. ಸುತ್ತ ಇನ್ನೂ ಜೌಗು ಉಳಿದಿದೆ. ಸಂಜೆ ಜನ ಅಲ್ಲಿ ವಾಕಿಂಗ್ ಮಾಡುತ್ತಾರೆ, ಪಕ್ಕದಲ್ಲೇ ಬೆಳ್ಳಕ್ಕಿ ಕೂತಿರುತ್ತದೆ. ಕೆಲನಿ ಹೊಳೆ ಉಕ್ಕಿದಾಗ ಆ ಜೌಗೇ ಸ್ಪಂಜಿನ ಹಾಗೆ ನೀರು ಹೀರಿಕೊಳ್ಳುತ್ತದೆ. 2018ರಲ್ಲಿ ರಾಮ್ಸಾರ್ ಒಪ್ಪಂದದಡಿ, ಅಂದರೆ ಜೌಗು ನೆಲ ಕಾಪಾಡಲು ದೇಶಗಳು ಮಾಡಿಕೊಂಡ ಒಪ್ಪಂದದಡಿ, ಮೊದಲ ಬಾರಿ ಜೌಗುನಗರಗಳನ್ನು ಗುರುತಿಸಿದರು. ಅದರಲ್ಲಿ ಕೊಲಂಬೊ ಕೂಡ ಇತ್ತು. ಹಾಗಂತ ಎಲ್ಲ ಚೆನ್ನಾಗಿದೆ ಅಂತಲ್ಲ. ಜೌಗಿನ ಎಷ್ಟೋ ಭಾಗ ಮಣ್ಣು ತುಂಬಿ ಮನೆಯಾಗಿದೆ. 2016ರ ಮೇ ತಿಂಗಳಲ್ಲಿ ಆ ಬಡಾವಣೆಗಳೆಲ್ಲ ಮುಳುಗಿದವು. ಕೆರೆ ಮೇಲೆ ಬಡಾವಣೆ ಕಟ್ಟಿದ ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದಕ್ಷಿಣಕ್ಕೆ ಗಾಲ್. ಡಚ್ಚರು ಕಟ್ಟಿದ ಕೋಟೆಯೊಳಗೆ ಇವತ್ತಿಗೂ ಜನ ಸಂಸಾರ ಮಾಡಿಕೊಂಡಿದ್ದಾರೆ. ಆ ಕೋಟೆಯ ಕೆಳಗೆ ಡಚ್ಚರ ಕಾಲದ ಚರಂಡಿಗಳಿವೆ. ಸಮುದ್ರದ ಉಬ್ಬರದ ನೀರು ಒಳಗೆ ನುಗ್ಗಿ ಕೊಳೆ ತೊಳೆದುಕೊಂಡು ಹೋಗುವ ಹಾಗೆ ಮಾಡಿದ್ದರು. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಕೋಟೆ ಗೋಡೆ ತಡೆಯಿತು. ಒಳಗಿನವರು ಬಹುಪಾಲು ಬದುಕಿದರು. ಹೊರಗಿನ ಬಸ್ ಸ್ಟ್ಯಾಂಡು, ಮಾರ್ಕೆಟ್ಟು ಕೊಚ್ಚಿಹೋದವು. ಗಾಲ್‌ಗೆ ಹೋಗುವ ದಾರಿಯಲ್ಲಿ ಪೆರಲಿಯ ಎಂಬ ಊರಿದೆ. ಆವತ್ತು ಒಂದು ಇಡೀ ರೈಲು ಅಲೆಗೆ ಸಿಕ್ಕಿ ಸಾವಿರಕ್ಕೂ ಜಾಸ್ತಿ ಜನ ತೀರಿಕೊಂಡ ಜಾಗ. ನಮ್ಮ ರೈಲು ಅಲ್ಲಿ ದಾಟುವಾಗ ಎದುರಿನ ಸೀಟಿನ ಹೆಂಗಸು ಮಾತು ನಿಲ್ಲಿಸಿ ಕೈ ಮುಗಿದರು. ನಾವೂ ಮುಗಿದೆವು.

ಪಶ್ಚಿಮದ ಮಗ್ಗುಲಿನ ಕಾಡು ನೋಡಬೇಕಾದರೆ ಸಿಂಹರಾಜ. ಮಲೆನಾಡಿನವರು ಯಾರಾದರೂ ಇದ್ದೀರಾ? ನಿಮಗೆ ಅಲ್ಲಿ ಹೊಸತು ಅನ್ನಿಸುವುದೇ ಇಲ್ಲ. ಅದೇ ಕತ್ತಲೆ ಕಾಡು, ಅದೇ ಇಂಬಳ. ಕಾಲಿಗೆ ಹತ್ತಿದ ಮೇಲೆ ಸುಣ್ಣವೋ ಉಪ್ಪೋ ಹಚ್ಚುವುದೂ ಅದೇ. ಇದು ಕಾಕತಾಳೀಯ ಅಲ್ಲ. ನಮ್ಮ ಪಶ್ಚಿಮ ಘಟ್ಟವನ್ನೂ ಶ್ರೀಲಂಕಾವನ್ನೂ ಜೀವವಿಜ್ಞಾನಿಗಳು ಸೇರಿಸಿ ಒಂದೇ ಜೀವವೈವಿಧ್ಯದ ತಾಣ ಅಂತ ಎಣಿಸುತ್ತಾರೆ. ಅಲ್ಲಿನ ಜನ ಬಗನಿ ಮರದಿಂದ ರಸ ಇಳಿಸಿ ಕಾಯಿಸಿ ಬೆಲ್ಲ ಮಾಡುತ್ತಾರೆ. ಎಮ್ಮೆ ಮೊಸರಿನ ಮೇಲೆ ಆ ಪಾಕ ಸುರಿದು ಕೊಡುತ್ತಾರೆ. ಮಣ್ಣಿನ ಕುಡಿಕೆಯಲ್ಲಿ ಹೆಪ್ಪು ಹಾಕಿದ ಮೊಸರು. ನನ್ನ ಹೆಂಡತಿ ಇವತ್ತಿಗೂ ಅದನ್ನೇ ನೆನೆಸಿಕೊಳ್ಳುತ್ತಾಳೆ.

ಈಗ ಬೆಟ್ಟಕ್ಕೆ ಹೋಗೋಣ.

ಬೆಟ್ಟ ಅಂದರೆ ಟೀ. ಆದರೆ ಟೀಗಿಂತ ಮೊದಲು ಅಲ್ಲಿ ಇದ್ದದ್ದು ಕಾಫಿ. 1869ರಲ್ಲಿ ಕಾಫಿ ಎಲೆಗೆ ತುಕ್ಕು ರೋಗ ಬಂತು. ಕೆಲವೇ ವರ್ಷಗಳಲ್ಲಿ ತೋಟಗಳು ಮಲಗಿದವು. ಅಷ್ಟರಲ್ಲಿ, 1867ರಲ್ಲಿ, ಜೇಮ್ಸ್ ಟೇಲರ್ ಎಂಬಾತ ಲೂಲ್‌ಕಂದುರ ತೋಟದಲ್ಲಿ 19 ಎಕರೆಗೆ ಟೀ ಹಾಕಿದ್ದ. ಅದನ್ನು ನೋಡಿ ಎಲ್ಲರೂ ಟೀಗೆ ತಿರುಗಿದರು. ಬೆಟ್ಟದ ಕಾಡು ಹೋಗಿ ಹಸಿರು ಬಾಚಣಿಗೆಯಲ್ಲಿ ಬಾಚಿದ ಹಾಗೆ ಆಯಿತು.

ಟೀ ಬಗ್ಗೆ ಒಂದು ಸೊಗಸಾದ ವಿಷಯ ಇದೆ. ದಿಂಬುಲದ ಟೀ, ಅಂದರೆ ಪಶ್ಚಿಮದ ಮಗ್ಗುಲಿನದು, ಜನವರಿಯಿಂದ ಮಾರ್ಚ್ ಒಳಗೆ ಕಿತ್ತರೆ ರುಚಿ ಜಾಸ್ತಿ. ಊವದ ಟೀ, ಅಂದರೆ ಪೂರ್ವದ ಮಗ್ಗುಲಿನದು, ಜುಲೈನಿಂದ ಸೆಪ್ಟೆಂಬರ್ ಒಳಗಿನದೇ ಶ್ರೇಷ್ಠ. ಯಾಕೆ? ಆಚೆ ಮಳೆ ಸುರಿಸಿ ಖಾಲಿಯಾದ ಗಾಳಿ ಬೆಟ್ಟ ದಾಟಿ ಒಣಗಾಳಿಯಾಗಿ ಬೀಸುತ್ತದೆ. ಆ ಒಣಗಾಳಿಗೆ ಸಿಕ್ಕಿದ ಚಿಗುರಿನಲ್ಲಿ ಪರಿಮಳ ಗಟ್ಟಿಯಾಗುತ್ತದೆ. ಆ ಸುರಂಗದ ಎರಡು ಬಾಯಿ ಇವೆಯಲ್ಲ, ಅದೇ ಕಥೆ ನಿಮ್ಮ ಲೋಟದೊಳಗೂ ಇದೆ.

ಆದರೆ ಆ ಚಿಗುರು ಕಿತ್ತವರ ಕಥೆ ಹೇಳದೆ ಟೀ ಬಗ್ಗೆ ಮಾತಾಡುವುದು ಸರಿಯಲ್ಲ. ಬ್ರಿಟಿಷರು ತಮಿಳುನಾಡಿನ ಬಡ ಊರುಗಳಿಂದ ಕೂಲಿಗಳನ್ನು ಕರೆತಂದರು. ಮನ್ನಾರಿನ ಹತ್ತಿರ ದೋಣಿ ಇಳಿದು ಕಾಡಿನಲ್ಲಿ ನಡೆದುಕೊಂಡೇ ಬೆಟ್ಟ ಸೇರಬೇಕಿತ್ತು. ದಾರಿಯಲ್ಲಿ ಕಾಲರಾ, ಜ್ವರ, ಹಸಿವಿಗೆ ಸತ್ತವರಿಗೆ ಲೆಕ್ಕವಿಲ್ಲ. ಅವರಿಗೆ ಕಟ್ಟಿಕೊಟ್ಟದ್ದು ಲೈನ್ ಮನೆಗಳು. ನಮ್ಮ ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲೂ ಅದೇ ಮಾತು ಇದೆ, ಅಲ್ವಾ? ದೇಶಕ್ಕೆ ಸ್ವಾತಂತ್ರ್ಯ ಬಂದ 1948ರಲ್ಲೇ ಪೌರತ್ವ ಕಾನೂನು ಬಂತು. ಅದರ ಪ್ರಕಾರ ಈ ಜನ ಯಾವ ದೇಶದವರೂ ಅಲ್ಲದೆ ಉಳಿದರು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಅಲ್ಲಿನ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಒಪ್ಪಂದ ಮಾಡಿಕೊಂಡರು. 5,25,000 ಜನ ಭಾರತಕ್ಕೆ, 3,00,000 ಜನ ಅಲ್ಲಿಗೆ ಅಂತ. ಸಾಮಾನು ಹಂಚಿಕೊಂಡ ಹಾಗೆ ಜನರನ್ನು ಹಂಚಿದರು. ಉಳಿದವರಿಗೆ ಪೂರ್ತಿಯಾಗಿ ಪೌರತ್ವ ಕೊಡುವ ಕಾನೂನು ಬರಲು 2003 ಆಗಬೇಕಾಯಿತು.

ಹಾಗೆ ಬಂದವರಲ್ಲಿ ಕೆಲವರು ನಮ್ಮ ರಾಜ್ಯಕ್ಕೂ ಬಂದರು. ಸುಳ್ಯ, ಪುತ್ತೂರಿನ ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಅವರಿಗೆ ಕೆಲಸ ಕೊಟ್ಟರು. ನಾನು ಮೂರನೇ ಸಲ ಹೋಗಿ ಬಂದ ಮೇಲೆ ಸುಳ್ಯದ ಹತ್ತಿರ ಒಬ್ಬ ಅಜ್ಜಿಯನ್ನು ಕಂಡೆ. ಚಿಕ್ಕ ಹುಡುಗಿಯಾಗಿದ್ದಾಗ ಹಡಗು ಹತ್ತಿ ಬಂದವರು. ಈಗ ಮೊಮ್ಮಕ್ಕಳು ಅಚ್ಚುಕಟ್ಟಾಗಿ ಕನ್ನಡ, ತುಳು ಮಾತಾಡುತ್ತಾರೆ. ನಾನು ಆ ಬೆಟ್ಟಕ್ಕೆ ಹೋಗಿದ್ದೆ ಅಂದ ಕೂಡಲೇ ಅವರು ಕೇಳಿದ್ದು ಒಂದೇ ಮಾತು. 'ಅಲ್ಲಿ ಬೆಳಿಗ್ಗೆ ಇನ್ನೂ ಮಂಜು ಬೀಳುತ್ತಾ, ಮೇಷ್ಟ್ರೇ?' ಬೀಳುತ್ತದೆ ಅಜ್ಜಿ ಅಂದೆ. ಬೇರೇನೂ ಹೇಳಲು ನನಗೆ ತೋಚಲಿಲ್ಲ.

ಟೀ ತೋಟಕ್ಕಿಂತ ಮೇಲೆ ಹಾರ್ಟನ್ ಬಯಲು. 2,100 ಮೀಟರಿಗಿಂತ ಎತ್ತರದಲ್ಲಿ ಹುಲ್ಲುಗಾವಲು, ನಡುವೆ ತಗ್ಗಿನಲ್ಲಿ ಕುಳ್ಳ ಮರಗಳ ಕಾಡು. ಕುದುರೆಮುಖದ ಶೋಲಾ ನೋಡಿದವರಿಗೆ ತಕ್ಷಣ ಗುರುತು ಸಿಗುತ್ತದೆ. ಕಡವೆಗಳು ದಾರಿ ಪಕ್ಕದಲ್ಲೇ ಮೇಯುತ್ತಿರುತ್ತವೆ. ಎಲ್ಲರೂ ಹೋಗುವುದು 'ಲೋಕದ ಅಂಚು' ಎಂಬ ಪ್ರಪಾತ ನೋಡಲು. ಬಂಡೆ ತುದಿಯಲ್ಲಿ ನಿಂತರೆ ಕೆಳಗೆ ಸುಮಾರು 870 ಮೀಟರ್ ಇಳಿಜಾರು. ಬೆಳಿಗ್ಗೆ ಒಂಬತ್ತರೊಳಗೆ ಹೋಗಬೇಕು, ಆಮೇಲೆ ಮೋಡ ಮುಚ್ಚಿಕೊಳ್ಳುತ್ತದೆ. ನನಗೆ ಅದಕ್ಕಿಂತ ಹಿಡಿಸಿದ್ದು ವಾಪಸು ಬರುವ ದಾರಿಯ ಹಳ್ಳಗಳು. ಪಾದ ಮುಳುಗುವಷ್ಟು ನೀರು. ಮಹಾವೆಲಿ, ಕೆಲನಿ, ವಲವೆ, ಮೂರೂ ನದಿಗಳಿಗೆ ನೀರು ಹೋಗುವುದು ಈ ಬಯಲಿನಿಂದ. ಒಂದು ಹಳ್ಳದಲ್ಲಿ ಕೈ ಅದ್ದಿದೆ. ಚಳಿಗೆ ಬೆರಳು ಜೋಮು ಹಿಡಿಯಿತು. ಈ ಹಳ್ಳವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಕ್ಯಾಂಡಿಯನ್ನು ಬೇಗ ದಾಟುತ್ತೇನೆ. 1815ರ ತನಕ ಬ್ರಿಟಿಷರಿಗೆ ಬಗ್ಗದ ರಾಜಧಾನಿ. ಬುದ್ಧನ ದಂತ ಇಟ್ಟಿರುವ ಮಂದಿರ, ಅದರ ಮುಂದೆ ಕೊನೆಯ ಅರಸ 1807ರಲ್ಲಿ ಕಟ್ಟಿಸಿದ ಕೆರೆ, ಪಕ್ಕದ ಪೆರಾದೆನಿಯದಲ್ಲಿ 1821ರಲ್ಲಿ ಶುರುವಾದ ಸಸ್ಯೋದ್ಯಾನ. ಊರನ್ನು ಸುತ್ತು ಹಾಕಿಕೊಂಡು ಮಹಾವೆಲಿ ಹರಿಯುತ್ತದೆ. ಅಲ್ಲೇ ಹತ್ತಿರ ಪೊಲ್‌ಗೊಲ್ಲ ಎಂಬಲ್ಲಿ 1976ರಲ್ಲಿ ಒಂದು ಅಡ್ಡಗಟ್ಟೆ ಕಟ್ಟಿದರು. ಬೆಟ್ಟ ಕೊರೆದು, ಸುರಂಗದ ಮೂಲಕ ನದಿಯ ಒಂದು ಪಾಲನ್ನು ಉತ್ತರದ ಒಣ ನೆಲಕ್ಕೆ ತಿರುಗಿಸಿದರು. ನಾವೂ ಆ ನೀರಿನ ಹಿಂದೆಯೇ ಹೋದೆವು.

ಇನ್ನು ಮುಂದಿನ ಮಾತು ಸ್ವಲ್ಪ ಉದ್ದ. ಕೋಲಾರದ ಕಡೆಯ ಹಳ್ಳಿಯಲ್ಲಿ, ಕೆರೆ ಏರಿ ಮೇಲೆ ಓಡಾಡಿ ಬೆಳೆದವನು ನಾನು. ನಮ್ಮ ಊರಿನ ನೀರುಗಂಟಿ ತೂಬು ಎತ್ತುವ ದಿನ ನಾವು ಹುಡುಗರೆಲ್ಲ ಸ್ಕೂಲು ಬಿಟ್ಟು ನೋಡಲು ಹೋಗುತ್ತಿದ್ದೆವು. ಕೆರೆ ಕೋಡಿ ಬಿದ್ದರೆ ಊರಿಗೇ ಹಬ್ಬ. ಅಂಥವನಿಗೆ ಉತ್ತರದ ಒಣ ನೆಲದ ಅನುರಾಧಪುರದ ಸೀಮೆ ಕಂಡಾಗ ಏನಾಗಿರಬೇಕು ಯೋಚಿಸಿ. ಎಲ್ಲಿ ನೋಡಿದರೂ ಕೆರೆ. ಕೆರೆಗೆ ಸಿಂಹಳದಲ್ಲಿ ವೆವ. ತೂಬಿಗೆ ಸೊರೊವ್ವ. ಕೋಡಿಗೆ ವಾನ. ನೀರುಗಂಟಿಯ ಕೆಲಸ ನೋಡುವವನು ವೆಲ್ ವಿದಾನೆ. ಏರಿ ಮೇಲೆ ಸಾಲಾಗಿ ಕುಂಬುಕ ಮರ, ಅಂದರೆ ನಮ್ಮ ಹೊಳೆಮತ್ತಿ. ಮಾತು ಬೇರೆ, ಬದುಕು ಅದೇ.

ಅಲ್ಲಿನ ಕೆರೆಗಳು ಒಂಟಿಯಾಗಿ ಇರುವುದಿಲ್ಲ. ಒಂದೇ ಕಣಿವೆಯಲ್ಲಿ ಸರದ ಮಣಿಗಳ ಹಾಗೆ ಪೋಣಿಸಿರುತ್ತವೆ. ಮೇಲಿನ ಕೆರೆಯ ಗದ್ದೆಯಿಂದ ಬಸಿದ ನೀರು ಕೆಳಗಿನ ಕೆರೆಗೆ, ಅದರಿಂದ ಇನ್ನೂ ಕೆಳಗಿನದಕ್ಕೆ. ಇದಕ್ಕೆ ಎಲ್ಲಂಗಾವ ಅನ್ನುತ್ತಾರೆ. ನಮ್ಮಲ್ಲೂ ಸರಣಿ ಕೆರೆಗಳಿವೆ. ಆದರೆ ಅವರು ಕೆರೆಯ ಸುತ್ತಲಿನ ಒಂದೊಂದು ಅಂಗುಲಕ್ಕೂ ಹೆಸರಿಟ್ಟು ಕಾಪಾಡಿದ್ದನ್ನು ನೋಡಿ ನನಗೆ ಬೆರಗಾಯಿತು. ಕೆರೆಯ ತಲೆ ಕಡೆ ಒಂದು ಮರಗಳ ಪಟ್ಟಿ, ಅದು ಗಸ್‌ಗೊಮ್ಮನ. ಗಾಳಿ ತಡೆದು ನೀರು ಆವಿಯಾಗುವುದನ್ನು ಕಮ್ಮಿ ಮಾಡುತ್ತದೆ. ನೀರು ಒಳಗೆ ಬರುವ ಜಾಗದಲ್ಲಿ ಗೋಡು ಹಿಡಿಯುವ ಗುಂಡಿ. ಕಾಡಿನೊಳಗೆ ಪ್ರಾಣಿಗಳಿಗೆಂದೇ ಒಂದು ಪುಟ್ಟ ಕೆರೆ. ಏರಿ ಕೆಳಗೆ, ಗದ್ದೆ ಶುರುವಾಗುವ ಮುಂಚೆ, ಇನ್ನೊಂದು ಗಿಡಮರದ ಪಟ್ಟಿ. ಅದು ಕಟ್ಟಕಡುವ. ಕೆರೆಯಿಂದ ಜಿನುಗುವ ನೀರಿನ ಉಪ್ಪನ್ನು ಗದ್ದೆಗೆ ಹೋಗದ ಹಾಗೆ ಹೀರಿಕೊಳ್ಳುತ್ತದೆ. 2017ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಈ ಪದ್ಧತಿಯನ್ನು ಜಗತ್ತಿನ ಕೃಷಿ ಪರಂಪರೆಗಳಲ್ಲಿ ಒಂದು ಅಂತ ಗುರುತಿಸಿತು.

ನನಗೆ ಇನ್ನೂ ಹಿಡಿಸಿದ್ದು ಬೆತ್ಮ. ಮಳೆ ಕಮ್ಮಿಯಾದ ವರ್ಷ ಎಲ್ಲ ಗದ್ದೆಗೂ ನೀರು ಸಾಲದು. ಆಗ ಊರಿನವರು ಸಭೆ ಸೇರುತ್ತಾರೆ. ಏರಿ ಹತ್ತಿರದ ಗದ್ದೆಗಳಿಗೆ ಮಾತ್ರ ನೀರು ಬಿಡುವುದು ಅಂತ ತೀರ್ಮಾನ. ಆದರೆ ಆ ಗದ್ದೆಗಳನ್ನು ಆ ಒಂದು ಬೆಳೆಯ ಮಟ್ಟಿಗೆ ಎಲ್ಲರೂ ಹಂಚಿಕೊಂಡು ಉಳುತ್ತಾರೆ. ಕೆರೆ ಕೆಳಗೇ ಗದ್ದೆ ಇದ್ದವನು ತನ್ನ ಜಾಗವನ್ನು ದೂರದ ಗದ್ದೆಯವನಿಗೆ ಬಿಟ್ಟುಕೊಡುತ್ತಾನೆ. ಅಚ್ಚುಕಟ್ಟಿನ ಕೊನೆಯ ರೈತನ ಗೋಳು ಏನು ಅಂತ ಗೊತ್ತಿರುವ ನಮಗೆ ಇದು ಎಷ್ಟು ದೊಡ್ಡ ವಿಷಯ ಅಂತ ತಿಳಿಯುತ್ತದೆ.

ಇದೆಲ್ಲ ಎಷ್ಟು ಹಳೆಯದು? ಅನುರಾಧಪುರ ಕ್ರಿಸ್ತಪೂರ್ವ ನಾಲ್ಕನೇ ಶತಮಾನದಿಂದ ಸಾವಿರ ವರ್ಷಕ್ಕೂ ಜಾಸ್ತಿ ರಾಜಧಾನಿ. ಅಲ್ಲಿನ ಜೇತವನಾರಾಮ ಸ್ತೂಪ ಕಟ್ಟಿದಾಗ 122 ಮೀಟರ್ ಎತ್ತರ ಇತ್ತು. 9 ಕೋಟಿಗೂ ಜಾಸ್ತಿ ಇಟ್ಟಿಗೆ. ಆ ಕಾಲಕ್ಕೆ ಅದಕ್ಕಿಂತ ಎತ್ತರ ಇದ್ದದ್ದು ಗೀಜಾದ ಎರಡು ಪಿರಮಿಡ್ ಮಾತ್ರ. ಅಷ್ಟು ಜನ, ಅಷ್ಟು ಭಿಕ್ಷುಗಳು ಉಂಡದ್ದು ಈ ಕೆರೆಗಳ ಅನ್ನ. ದೊಡ್ಡ ಕೆರೆಯ ತೂಬಿನಲ್ಲಿ ನೀರಿನ ಒತ್ತಡ ಎಷ್ಟಿರುತ್ತದೆ ಅಂದರೆ, ಸುಮ್ನೆ ತೆರೆದರೆ ಏರಿಯೇ ಕಿತ್ತುಹೋಗುತ್ತದೆ. ಅದಕ್ಕೆ ಅವರು ಬಿಸೋಕೊಟುವ ಅಂತ ಮಾಡಿದರು. ಏರಿಯೊಳಗೆ ಕಲ್ಲು ಕಟ್ಟಿದ ಚೌಕದ ಬಾವಿ. ಕೆರೆ ನೀರು ಮೊದಲು ಅದರೊಳಗೆ ಬಿದ್ದು, ವೇಗ ಕಳೆದುಕೊಂಡು, ಆಮೇಲೆ ಕಾಲುವೆಗೆ ಹೋಗುತ್ತದೆ. ಹದಿನೈದು ಶತಮಾನಕ್ಕೂ ಹಿಂದಿನ ಕೆಲಸ. ಹೆನ್ರಿ ಪಾರ್ಕರ್ ಎಂಬ ಬ್ರಿಟಿಷ್ ಎಂಜಿನಿಯರ್ ಇದನ್ನು ನೋಡಿ, ನಮ್ಮ ಕಾಲದ ವಾಲ್ವ್ ಬಾವಿಗೆ ಇವರೇ ಮೊದಲಿಗರು ಅಂತ ಒಪ್ಪಿಕೊಂಡರು.

ಕಲಾ ವೆವ ಎಂಬ ಕೆರೆಗೆ ಬರೋಣ. ಐದನೇ ಶತಮಾನದಲ್ಲಿ ಧಾತುಸೇನ ಎಂಬ ಅರಸ ಕಟ್ಟಿಸಿದ್ದು. ಅಲ್ಲಿಂದ ಅನುರಾಧಪುರಕ್ಕೆ ಯೋಧ ಎಲ ಅಂತ ಒಂದು ಕಾಲುವೆ ಇದೆ. 87 ಕಿಲೋಮೀಟರ್. ಮೊದಲ 27 ಕಿಲೋಮೀಟರಿನಲ್ಲಿ ಅದರ ಇಳಿಜಾರು ಕಿಲೋಮೀಟರಿಗೆ ಸುಮಾರು 10 ಸೆಂಟಿಮೀಟರ್ ಮಾತ್ರ. ಒಂದು ಗೇಣಿಗಿಂತ ಕಮ್ಮಿ! ಇವತ್ತಿನ ಉಪಕರಣ ಇಟ್ಟುಕೊಂಡು ಮಾಡುವುದೂ ಕಷ್ಟ.

ಈ ಧಾತುಸೇನನಿಗೆ ಕಶ್ಯಪ ಎಂಬ ಮಗ. ಅಪ್ಪನನ್ನು ಸೆರೆಹಿಡಿದು, ಬಚ್ಚಿಟ್ಟ ಸಂಪತ್ತು ಎಲ್ಲಿದೆ ತೋರಿಸು ಅಂದನಂತೆ. ತೋರಿಸುತ್ತೇನೆ, ಕಲಾ ವೆವಕ್ಕೆ ಕರೆದುಕೊಂಡು ಹೋಗಿ ಅಂದನಂತೆ ಅಪ್ಪ. ಹೋದರು. ಅರಸ ಕೆರೆಗಿಳಿದು ಸ್ನಾನ ಮಾಡಿ, ಬೊಗಸೆ ತುಂಬ ನೀರೆತ್ತಿ, ನನ್ನ ಸಂಪತ್ತು ಎಲ್ಲ ಇಷ್ಟೇ ಅಂದನಂತೆ. ಮಗ ಅವನನ್ನು ಕೊಲ್ಲಿಸಿದ. ಹಳೆಯ ಪಾಳಿ ವೃತ್ತಾಂತದಲ್ಲಿ ಬರುವ ಕಥೆ ಇದು. ಆ ಏರಿ ಮೇಲೆ ನಿಂತು ಇದನ್ನು ನೆನೆಸಿಕೊಂಡಾಗ ನನ್ನ ಗಂಟಲು ಕಟ್ಟಿತು.

ಎಲ್ಲರೂ ಫೋಟೋದಲ್ಲಿ ನೋಡಿರುವ ಸಿಗಿರಿಯ ಬಂಡೆಕೋಟೆ ಕಟ್ಟಿಸಿದ್ದು ಅದೇ ಕಶ್ಯಪ. ಬಂಡೆ ಸುಮಾರು 180 ಮೀಟರ್ ಎತ್ತರ. ನೆತ್ತಿಯ ಮೇಲೆ ಅರಮನೆ, ಅಲ್ಲೂ ನೀರಿನ ಕೊಳ. ಕೆಳಗಿನ ತೋಟದ ಕಾರಂಜಿಗಳು ಇವತ್ತಿಗೂ ಮಳೆಗಾಲದಲ್ಲಿ ಚಿಮ್ಮುತ್ತವೆ. ಹದಿನೈದು ನೂರು ವರ್ಷದ ಕಾರಂಜಿ! ಕೊಲೆಗಾರ ಮಗನೂ ಅಪ್ಪನ ನೀರಿನ ವಿದ್ಯೆಯನ್ನು ಬಿಟ್ಟಿರಲಿಲ್ಲ.

ಆಮೇಲೆ ಚೋಳರು ಬಂದರು. ನಮ್ಮ ಕೋಲಾರಮ್ಮನ ಗುಡಿಯಲ್ಲಿ ಚೋಳರ ಶಾಸನಗಳಿವೆ. ಅದೇ ಚೋಳರು ಅನುರಾಧಪುರ ಗೆದ್ದು ರಾಜಧಾನಿಯನ್ನು ಪೊಲನ್ನರುವಕ್ಕೆ ತಂದರು. ಅವರು ಕಟ್ಟಿದ ಕಲ್ಲಿನ ಶಿವಾಲಯ ಅಲ್ಲಿ ಇನ್ನೂ ನಿಂತಿದೆ. ಅವರು ಹೋದ ಮೇಲೆ ಹನ್ನೆರಡನೇ ಶತಮಾನದಲ್ಲಿ ಪರಾಕ್ರಮಬಾಹು ಆಳಿದ. ಮಳೆಯ ಒಂದು ಹನಿಯೂ ಜನರಿಗೆ ಉಪಯೋಗವಾಗದೆ ಸಮುದ್ರ ಸೇರಬಾರದು ಅಂದವನು ಅವನೇ. ಅವನ ಕೆರೆಯ ಹೆಸರೇ ಪರಾಕ್ರಮ ಸಮುದ್ರ. ಹದಿಮೂರನೇ ಶತಮಾನದಿಂದಾಚೆ ರಾಜ್ಯ ನೈಋತ್ಯಕ್ಕೆ ಸರಿಯಿತು. ಏರಿಗಳು ಒಡೆದವು, ಕಾಡು ಬೆಳೆಯಿತು, ಮಲೇರಿಯಾ ಸೇರಿಕೊಂಡಿತು. ಹೂಳು ತೆಗೆದು ಮತ್ತೆ ನೀರು ನಿಲ್ಲಿಸಲು ಶುರುವಾದದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಈಗ ಆಗಸ್ಟ್, ಸೆಪ್ಟೆಂಬರಿನಲ್ಲಿ ಮಿನ್ನೇರಿಯ ಕೆರೆಯ ನೀರು ಇಳಿದಾಗ ಅಂಗಳದಲ್ಲಿ ಎಳೆ ಹುಲ್ಲು ಬರುತ್ತದೆ. ಅದನ್ನು ಮೇಯಲು ನೂರಾರು ಆನೆಗಳು ಒಟ್ಟಿಗೆ ಬರುತ್ತವೆ.

ಅನುರಾಧಪುರದ ಪಕ್ಕದ ಮಿಹಿಂತಲೆ ಹತ್ತಿರದ ಒಂದು ಹಳ್ಳಿಯಲ್ಲಿ ನಮಗೆ ಊಟ ಹಾಕಿದರು. ಕುರಕ್ಕನ್ ತಲಪ ಅಂದರು. ಬಟ್ಟಲಿಗೆ ಬಿದ್ದದ್ದು ರಾಗಿ ಮುದ್ದೆ! ಕುರಕ್ಕನ್ ಅಂದರೆ ರಾಗಿ. ನನ್ನ ಹೆಂಡತಿ ಮುರಿದು, ಸಾರಿಗೆ ಅದ್ದಿ, ಅಗಿಯದೆ ನುಂಗಿದ್ದನ್ನು ನೋಡಿ ಮನೆಯವರೆಲ್ಲ ನಕ್ಕರು. ಆ ಮನೆಯಲ್ಲೇ ಒಂದು ನೋವಿನ ವಿಷಯವೂ ತಿಳಿಯಿತು. ಕುಡಿಯಲು ಅವರು ಬಾವಿ ನೀರು ಬಳಸುವುದಿಲ್ಲ, ಕ್ಯಾನ್ ನೀರು ತರುತ್ತಾರೆ. ತೊಂಬತ್ತರ ದಶಕದಿಂದ ಆ ಸೀಮೆಯ ರೈತರಲ್ಲಿ ಮೂತ್ರಪಿಂಡದ ಕಾಯಿಲೆ ಹಬ್ಬಿದೆ. ಸಕ್ಕರೆ ಕಾಯಿಲೆ, ಬಿಪಿ ಏನೂ ಇಲ್ಲದವರಿಗೂ ಬರುತ್ತದೆ. ವಿಜ್ಞಾನಿಗಳ ನಡುವೆ ಕಾರಣದ ಬಗ್ಗೆ ಇನ್ನೂ ಒಮ್ಮತ ಇಲ್ಲ. ಎರಡು ಸಾವಿರ ವರ್ಷ ನೀರನ್ನು ಇಷ್ಟು ಜತನ ಮಾಡಿದ ಜನ ಇವತ್ತು ತಮ್ಮದೇ ಬಾವಿಗೆ ಹೆದರುವುದನ್ನು ನೋಡಿ ತುಂಬ ಸಂಕಟವಾಯಿತು.

ಹಾರ್ಟನ್ ಬಯಲಿನ ಹಳ್ಳ ನೆನಪಿದೆಯಾ? ಅದರ ನೀರು ಮಹಾವೆಲಿಗೆ, ಪೊಲ್‌ಗೊಲ್ಲದ ಸುರಂಗಕ್ಕೆ, ಅಲ್ಲಿಂದ ಕಲಾ ವೆವಕ್ಕೆ, ಹಳೆಯ ಯೋಧ ಎಲದಲ್ಲಿ ಅನುರಾಧಪುರಕ್ಕೆ ಬರುತ್ತದೆ. ಉಳಿದ ಮಹಾವೆಲಿ 335 ಕಿಲೋಮೀಟರ್ ಹರಿದು ಪೂರ್ವ ಕರಾವಳಿಯ ತ್ರಿಂಕೋಮಲಿಯ ಕೊಲ್ಲಿಯಲ್ಲಿ ಸಮುದ್ರ ಸೇರುತ್ತದೆ.

ಉತ್ತರದ ತುದಿಯ ಜಾಫ್ನಾಕ್ಕೆ ಮಾತ್ರ ಯಾವ ನದಿಯೂ ಹೋಗುವುದಿಲ್ಲ. ಸರ್ಕಾರಕ್ಕೂ ತಮಿಳು ಹುಲಿಗಳಿಗೂ ನಡೆದ ಯುದ್ಧದ ಕಾಲದಲ್ಲಿ ನಿಂತುಹೋಗಿದ್ದ ರೈಲು 2014ರಲ್ಲಿ ಮತ್ತೆ ಜಾಫ್ನಾ ಮುಟ್ಟಿತು. ನಾವೂ ಅದರಲ್ಲೇ ಹೋದೆವು. ಬೆಟ್ಟ ಇಲ್ಲ, ಹಳ್ಳ ಇಲ್ಲ, ಸಪಾಟು ನೆಲ, ತಾಳೆ ಮರ. ತೆಳ್ಳಗೆ ಕೆಂಪು ಮಣ್ಣು, ಕೆಳಗೆಲ್ಲ ಸುಣ್ಣದ ಕಲ್ಲು. ಬಿದ್ದ ಮಳೆ ಆ ಕಲ್ಲಿನ ಬಿರುಕಿನಲ್ಲಿ ಇಳಿದು, ಕೆಳಗಿನ ಉಪ್ಪು ನೀರಿನ ಮೇಲೆ ತೆಳುವಾಗಿ ತೇಲಿಕೊಂಡು ನಿಲ್ಲುತ್ತದೆ. ಸಿಹಿನೀರು ಹಗುರ, ಅದಕ್ಕೆ ಮೇಲಿರುತ್ತದೆ. ಹದವಾಗಿ ಸೇದಿದರೆ ಸಿಹಿ. ಆಸೆಪಟ್ಟು ಪಂಪ್ ಹಾಕಿ ಜಾಸ್ತಿ ಎಳೆದರೆ ಉಪ್ಪು ಮೇಲೆ ಬರುತ್ತದೆ. ಹಿಂದೆ ಏತದಲ್ಲಿ ಎತ್ತಿ ಈರುಳ್ಳಿ, ಮೆಣಸಿನಕಾಯಿ, ಹೊಗೆಸೊಪ್ಪು ಬೆಳೆಯುತ್ತಿದ್ದರು.

1981ರಲ್ಲಿ ಸುಟ್ಟುಹೋದ ಗ್ರಂಥಾಲಯವನ್ನೂ ನೋಡಿದೆವು. ಸುಮಾರು 97,000 ಪುಸ್ತಕ, ತಾಳೆಗರಿಗಳು ಬೂದಿಯಾದವು. ಈಗ ಬೆಳ್ಳಗೆ ಮತ್ತೆ ಕಟ್ಟಿದ್ದಾರೆ. ಒಳಗೆ ಮಕ್ಕಳು ಪರೀಕ್ಷೆಗೆ ಓದುತ್ತಾ ಕೂತಿದ್ದರು. ಇಂಥದ್ದೇ ಒಂದು ಗ್ರಂಥಾಲಯದಲ್ಲಿ ನಿಂತು ಇದನ್ನು ಹೇಳುವಾಗ ಮನಸ್ಸು ಭಾರವಾಗುತ್ತದೆ.

ನಾವು ಉಳಿದುಕೊಂಡ ಮನೆಯ ಹಿತ್ತಲಲ್ಲಿ ಬಾವಿ ಇತ್ತು. ಕೋಲಾರದ ಕಡೆಯವನಾದ್ದರಿಂದ ನನಗೆ ತಮಿಳು ಅಷ್ಟಿಷ್ಟು ಬರುತ್ತದೆ. ಆ ಮನೆಯಮ್ಮನಿಗೆ ನಮ್ಮ ಪ್ರಶ್ನೆ ಕೇಳಿದೆ. ಇಲ್ಲಿಗೆ ನೀರು ಎಲ್ಲಿಂದ ಬರುತ್ತದಮ್ಮಾ? ಅವರು ಆಕಾಶ ತೋರಿಸಿ, ಆಮೇಲೆ ಕಾಲಡಿ ತೋರಿಸಿದರು. ಒಂದು ಕೊಡ ಸೇದಿ, ಕುಡಿದು ನೋಡಿ ಅಯ್ಯಾ ಅಂದರು. ಕುಡಿದೆ. ಕೊನೆಗೆ ನಾಲಿಗೆಯಲ್ಲಿ ಸ್ವಲ್ಪ ಉಪ್ಪು ಉಳಿಯಿತು. ಹೋದ ವರ್ಷಕ್ಕಿಂತ ಜಾಸ್ತಿ ಆಗಿದೆ, ಅಲ್ವಾ ಅಂತ ನನ್ನನ್ನೇ ಕೇಳಿದರು.

ಮಾತು ಮುಗಿದ ಮೇಲೆ ಇಬ್ಬರು ಪ್ರಶ್ನೆ ಕೇಳಿದರು. ಅದನ್ನೂ ಬರೆಯುತ್ತೇನೆ.

ಒಬ್ಬರು ಕೇಳಿದ್ದು, ಯಾವ ತಿಂಗಳು ಹೋಗಬೇಕು? ಎರಡು ಮಳೆ ಇರುವುದರಿಂದ ಹೆಚ್ಚುಕಮ್ಮಿ ಯಾವಾಗಲೂ ಒಂದು ಮಗ್ಗುಲು ಒಣಗಿರುತ್ತದೆ. ಜನವರಿಯಿಂದ ಮಾರ್ಚ್ ಆದರೆ ಕೊಲಂಬೊ, ಗಾಲ್, ಬೆಟ್ಟ. ಯಾತ್ರಾಸ್ಥಳವಾದ ಶ್ರೀಪಾದ ಬೆಟ್ಟ ಹತ್ತುವವರ ಕಾಲವೂ ಡಿಸೆಂಬರಿಂದ ಮೇ ತನಕ. ಮೇನಿಂದ ಸೆಪ್ಟೆಂಬರ್ ಆದರೆ ತ್ರಿಂಕೋಮಲಿ, ಅನುರಾಧಪುರ, ಪೊಲನ್ನರುವ, ಜಾಫ್ನಾ. ಅಕ್ಟೋಬರ್, ನವೆಂಬರಿನಲ್ಲಿ ಎರಡೂ ಕಡೆ ಮಳೆ, ಚಂಡಮಾರುತವೂ ಬರುವುದುಂಟು. ಸುರಂಗದ ಆಟ ನೋಡಬೇಕು ಅಂದರೆ ಜುಲೈ.

ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು, ಸರ್, ಒಂದೇ ಜಾಗ ನೋಡಲು ಸಮಯ ಇದ್ದರೆ?

ಕಲಾ ವೆವ ಅಂದೆ. ಸಂಜೆ ಐದರ ಹೊತ್ತಿಗೆ ಹೋಗಮ್ಮ. ಸಮೀಪದಲ್ಲೇ ಔಕನದ ಬುದ್ಧ ಇದ್ದಾನೆ. ಒಂದೇ ಬಂಡೆಯಲ್ಲಿ ಕಡೆದ, ಸುಮಾರು 12 ಮೀಟರಿನ ನಿಂತ ಬುದ್ಧ. ಅವನನ್ನು ನೋಡಿಕೊಂಡು ಏರಿಗೆ ಬಾ. ಆ ಹೊತ್ತಿಗೆ ದನ ಮನೆಗೆ ಹೋಗುತ್ತಿರುತ್ತವೆ. ಹೆಂಗಸರು ತೂಬಿನ ಕಲ್ಲಿನ ಮೇಲೆ ಬಟ್ಟೆ ಹಿಂಡುತ್ತಿರುತ್ತಾರೆ, ನೀರುಕಾಗೆಗಳು ರೆಕ್ಕೆ ಒಣಗಿಸಿಕೊಳ್ಳುತ್ತಿರುತ್ತವೆ. ಹೊಳೆಮತ್ತಿ ಮರದ ಬೇರಿನ ಮೇಲೆ ಇಬ್ಬರು ಕೂರುವಷ್ಟು ಜಾಗ ಇದೆ. ಅಮ್ಮನನ್ನೂ ಕರೆದುಕೊಂಡು ಹೋಗು.